ಒಳಗಿನ ಚಿಲಕ

ಅತ್ತೆಗೆ ಬಾಗಿಲು ಹಾಕಿಕೊಂಡು ಸ್ನಾನ ಮಾಡುವ ಅನುಕೂಲ ಇರಲಿಲ್ಲ.

ಮನೆಯಲ್ಲಿ ಬಚ್ಚಲಿತ್ತು, ಬಚ್ಚಲಿಗೆ ಬಾಗಿಲೂ ಇತ್ತು. ಆದರೆ ಒಳಗೆ ಅರ್ಧಕ್ಕೆ ಮೊಣಕಾಲೆತ್ತರದ ಸಿಮೆಂಟಿನ ಕಟ್ಟೆಯೊಂದು ಅಡ್ಡ ಇತ್ತು. ಸ್ನಾನದ ನೀರು ಈಚೆಗೆ ಹರಿಯದಿರಲೆಂದು ಮನೆ ಕಟ್ಟಿದವರು ಹಾಕಿದ್ದು. ಸೊಂಟ ಮುರಿದು ಅತ್ತೆ ಗಾಲಿಕುರ್ಚಿಗೆ ಬಂದ ಮೇಲೆ ಆ ಕಟ್ಟೆ ದಾಟಿಸುವುದು ಇಡೀ ಮನೆಯ ಕೆಲಸವಾಯಿತು. ಕುರ್ಚಿ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಸೊಸೆ ಅವರ ಕಂಕುಳಿಗೆ ಕೈಕೊಟ್ಟು ಎತ್ತಿ, ಒಂದು ಕಾಲು ದಾಟಿಸಿ, ಉಸಿರು ಬಿಟ್ಟು, ಇನ್ನೊಂದು ಕಾಲು ದಾಟಿಸಿ ಸ್ಟೂಲಿನ ಮೇಲೆ ಕೂರಿಸಬೇಕು. ಎಲ್ಲಾದರೂ ಜಾರಿದರೆ ಹಿಡಿಯಲೆಂದು ಗಂಡ ಹೊರಗೆ ಗೋಡೆಗೆ ಮುಖ ಮಾಡಿ ನಿಂತಿರಬೇಕು. ಕುರ್ಚಿ ಅಡ್ಡ ಇದ್ದದ್ದರಿಂದ ಬಾಗಿಲು ಮುಚ್ಚುತ್ತಿರಲಿಲ್ಲ. ಅಡುಗೆಮನೆಗೆ ಹೋಗುವ ದಾರಿಯೂ ಅದೇ. ಚಹಾ ಬೇಕಾದವರು, ಟಿಫಿನ್ ಡಬ್ಬಿ ಬೇಕಾದವರು ಎಲ್ಲರೂ ತಲೆ ತಗ್ಗಿಸಿ ಆ ಬಾಗಿಲು ಹಾದು ಹೋಗುತ್ತಿದ್ದರು. ತಲೆ ತಗ್ಗಿಸಿದ್ದು ಅತ್ತೆಗೆ ಕಾಣುತ್ತಿತ್ತು.

ಅತ್ತೆ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ಕೆಲಸಕ್ಕಿದ್ದಷ್ಟು ಕಾಲ ಬೇರೆಯವರ ಮೈ ತೊಳೆದವರು. ಈಗ ತಮ್ಮ ಮೈ ಇನ್ನೊಬ್ಬರ ಕೈಗೆ ಬಂದಿತ್ತು. ಬಾಯಿ ಮಾತ್ರ ತಮ್ಮ ಹತ್ತಿರವೇ ಉಳಿದಿತ್ತು; ಅದನ್ನು ಅವರು ಚೆನ್ನಾಗಿಯೇ ಬಳಸುತ್ತಿದ್ದರು.

"ಅದೇನೇ ಉಜ್ಜೋದು? ನಾನೇನು ನಿಮ್ಮ ಲಾಂಡ್ರಿಗೆ ಬಂದ ಶರ್ಟಿನ ಕಾಲರಾ?"

ಸೊಸೆ ಲಾಂಡ್ರಿಯಲ್ಲಿ ಇಸ್ತ್ರಿ ಮೇಜಿನವಳು. ದಿನವಿಡೀ ನಿಂತೇ ಕೆಲಸ. ಬೆಳಿಗ್ಗೆ ಅತ್ತೆಯನ್ನು ಎತ್ತಿ ಇಳಿಸಿ ಹೋದರೆ ಮಧ್ಯಾಹ್ನದ ಹೊತ್ತಿಗೆ ಬೆನ್ನು ಹಲಗೆಯಾಗುತ್ತಿತ್ತು. ಅವಳು ತಿರುಗಿ ಮಾತಾಡುತ್ತಿರಲಿಲ್ಲ. ಸಹನೆಯಿಂದಲ್ಲ, ಹೊತ್ತಾಗುತ್ತಿತ್ತು ಅಷ್ಟೇ.

ಒಂದು ಗುರುವಾರ ಸೋಪಿನ ಕೈ ಜಾರಿತು. ಅತ್ತೆ ಪೂರ್ತಿ ಬೀಳಲಿಲ್ಲ, ಕಟ್ಟೆಯ ಅಂಚಿಗೆ ತೊಡೆ ಬಡಿದುಕೊಂಡು ಅಲ್ಲೇ ಕುಸಿದು ಕೂತರು. ಗಂಡ ಒಳಗೆ ನುಗ್ಗಿ ಅಮ್ಮನನ್ನು ಎತ್ತಿದ. ಆಮೇಲೆ ತಾಯಿ ಮಗ ಇಬ್ಬರೂ ಎರಡು ದಿನ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಭಾನುವಾರ ನಾದಿನಿ ಬಂದಳು. ಹಲ್ಲಿನ ಡಾಕ್ಟರ ಬಳಿ ಚೀಟಿ ಬರೆಯುವ ಕೆಲಸ ಅವಳದು. ಬಿಳಿ ಕೋಟು ಹಾಕಿಕೊಂಡ ದಿನದಿಂದ ಮನೆಯವರಿಗೆಲ್ಲ ತಾನೇ ಡಾಕ್ಟರು. ಅಮ್ಮನ ಸೀರೆ ಸರಿಸಿ ತೊಡೆ ನೋಡಿದಳು. ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಊಟಕ್ಕೆ ಕೂತಾಗ, ಎಲ್ಲರ ತಟ್ಟೆಗೂ ಆಲೂಗಡ್ಡೆ ಪಲ್ಯ ಬಿದ್ದ ಮೇಲೆ, ಶುರು ಮಾಡಿದಳು. ಅಮ್ಮನನ್ನು ಹೀಗಾ ನೋಡಿಕೊಳ್ಳೋದು, ಬೇರೆಯವರ ಮನೆ ಬೆಡ್‌ಶೀಟಿಗೆ ಇರುವ ಗಮನ ಮನೆಯ ಮನುಷ್ಯರ ಮೇಲೆ ಇಲ್ಲವಲ್ಲ ಎಂದಳು. ಅಣ್ಣ ಮೊಟ್ಟೆಯ ಸಿಪ್ಪೆ ಬಿಡಿಸುವುದರಲ್ಲಿ ಮುಳುಗಿದ್ದ. ಅವನು ಸಿಟಿ ಬಸ್ಸಿನ ಡ್ರೈವರು. ದಿನವಿಡೀ ಜನರ ಬೈಗುಳ ಕೇಳಿ ಕೇಳಿ, ಮನೆಯಲ್ಲಿ ಯಾರು ಬೈದರೂ ಸಿಗ್ನಲ್ಲಿಗೆ ಕಾದಂತೆ ಕಾಯುವುದು ಅಭ್ಯಾಸವಾಗಿತ್ತು.

"ಒಂದ್ಮಾತು ಹೇಳ್ತೀನಿ ಅತ್ತಿಗೆ," ನಾದಿನಿ ಕೈ ತೊಳೆಯುತ್ತ ಅಂದಳು, "ಅಮ್ಮನಿಗೆ ಇನ್ನೊಂದ್ಸಲ ಹೀಗಾದ್ರೆ ನಾನು ಸುಮ್ನೆ ಇರೋಳಲ್ಲ."

"ಕಟ್ಟೆ ಒಡೆಸೋಣ," ಅಂದಳು ಸೊಸೆ.

ಅವಳಿಗೆ ಇದು ಆ ಕ್ಷಣ ಹೊಳೆದದ್ದಲ್ಲ. ಲಾಂಡ್ರಿಯಿಂದ ಹಾಸಿಗೆ ಬಟ್ಟೆ ಕೊಡಲು ಒಂದು ವೃದ್ಧಾಶ್ರಮಕ್ಕೆ ಹೋಗುತ್ತಿದ್ದಳು. ಅಲ್ಲಿನ ಬಚ್ಚಲಲ್ಲಿ ಕಟ್ಟೆಯಿಲ್ಲ, ಹೊಸ್ತಿಲಿಲ್ಲ, ತೊಟ್ಟಿಯಿಲ್ಲ. ಹಜಾರದ ನೆಲವೇ ನೇರ ಒಳಗೆ ಹೋದಂತೆ ಇರುತ್ತದೆ. ಕಣ್ಣಿಗೆ ಕಾಣದಷ್ಟು ಇಳಿಜಾರು, ನೀರೆಲ್ಲ ಒಂದೇ ಮೂಲೆಯ ಜಾಲರಿಗೆ ಓಡುತ್ತದೆ. ಟೈಲ್ಸಿನ ಕೆಳಗೆ ನೀರು ಇಳಿಯದ ಪದರ ಹಾಕಿರುತ್ತಾರೆ. ಗೋಡೆಗೆ ಮಡಚುವ ಆಸನ, ಹಿಡಿದುಕೊಳ್ಳಲು ಕಂಬಿ, ಕೈಯಲ್ಲೇ ಹಿಡಿಯುವ ಶವರು. ಕುರ್ಚಿ ಸಮೇತ ಒಳಗೆ ಹೋಗಿ, ಕಂಬಿ ಹಿಡಿದು ಆಸನಕ್ಕೆ ಜರುಗಿದರೆ ಆಯಿತು. "ಅಲ್ಲಿನ ಅಜ್ಜಿಯರು ಒಬ್ಬೊಬ್ಬರೇ ಸ್ನಾನ ಮಾಡ್ತಾರೆ," ಅಂದಳು. "ಬಾಗಿಲು ಹಾಕ್ಕೊಂಡು."

ಅತ್ತೆಯ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗುವುದು ಒಂದು ಗಳಿಗೆ ತಡವಾಯಿತು.

ಆ ಮನೆಯಲ್ಲಿ ದುಡ್ಡಿಗೆ ಜಗಳ ಆಗಲಿಲ್ಲ. ಖರ್ಚನ್ನು ಅಣ್ಣ ತಂಗಿ ಹೇಗೋ ಹಂಚಿಕೊಂಡರು. ಜಗಳ ಆದದ್ದು ಜಾಗಕ್ಕೆ. ಮೇಸ್ತ್ರಿ ಬಂದು ಟೇಪು ಹಿಡಿದು ನೋಡಿ, ಕಟ್ಟೆ ಒಡೆದರೂ ಕುರ್ಚಿ ತಿರುಗಿಸುವಷ್ಟು ಅಗಲ ಸಿಗುವುದಿಲ್ಲ, ಪಕ್ಕದ ಗೋಡೆ ತೆಗೆಯಲೇಬೇಕು ಎಂದ. ಗೋಡೆಯ ಆಚೆ ಇದ್ದದ್ದು ಮಾವನ ಕೋಣೆ.

ಮಾವ ಬೀಗದ ಕೆಲಸದವರು. ಪೇಟೆಯಲ್ಲಿದ್ದ ಅಂಗಡಿ ಬಿಟ್ಟ ಮೇಲೆ ಆ ಗೂಡಿನಷ್ಟು ಜಾಗದಲ್ಲಿ ಮೇಜು, ಇಕ್ಕಳ, ಅರಗಳು ಮತ್ತು ಗೋಡೆ ತುಂಬ ಕೀಲಿಗಳು ಇಟ್ಟುಕೊಂಡಿದ್ದರು. ಯಾರ ಯಾರ ಮನೆಯವೋ ಕೀಲಿಗಳು. ಆ ಮನೆಗಳಲ್ಲಿ ಎಷ್ಟೋ ಈಗ ಇಲ್ಲ. ಯಾರಾದರೂ ಕೀಲಿ ಕಳೆದುಕೊಂಡು ಬಂದರೆ ಕೆಲಸ. ಇಲ್ಲದಿದ್ದರೆ ಬಾಗಿಲು ಮುಚ್ಚಿಕೊಂಡು ಕೆಟ್ಟ ಬೀಗಗಳ ಹೊಟ್ಟೆ ಬಗೆಯುವುದು. ಬೆರಳುಗಳಿಗೆ ಇತ್ತೀಚೆಗೆ ನಡುಕ ಹತ್ತಿತ್ತು, ಅದನ್ನು ಯಾರಿಗೂ ತೋರಿಸದಿರಲು ಆ ಬಾಗಿಲು ಉಪಯೋಗಕ್ಕೆ ಬರುತ್ತಿತ್ತು.

"ನಾನೆಲ್ಲಿ ಕೂರ್ಲಿ?" ಮಾವ ಕೇಳಿದರು. "ಶವರಿನ ಕೆಳಗಾ?"

"ಹಜಾರದಲ್ಲಿ ಒಂದು ಮೇಜು ಹಾಕಿದ್ರೆ..." ಮಗ ಅಂದ.

"ಹಜಾರದಲ್ಲಿ ನೀನು ಬೇಕಾದ್ರೆ ಬಸ್ಸು ನಿಲ್ಲಿಸ್ಕೋ."

ಆಮೇಲೆ ಮಾವ ಮಾತು ನಿಲ್ಲಿಸಿದರು. ಊಟಕ್ಕೆ ಕರೆದರೆ ತಟ್ಟೆ ಎತ್ತಿಕೊಂಡು ಕೋಣೆಗೆ ಹೋಗುವರು. ತೊಳೆದ ತಟ್ಟೆ ಮಾತ್ರ ಹೊರಗೆ ಬರುವುದು. ಮಗ ಒಂದು ದಿನ ಅಪ್ಪನ ಪರ, ಒಂದು ದಿನ ಅಮ್ಮನ ಪರ. ಸೊಸೆ ಅವನಿಗೆ ಹೇಳಿದಳು: "ನೀವು ಎರಡೂ ಕಡೆ ಇಂಡಿಕೇಟರ್ ಹಾಕ್ಕೊಂಡು ನಿಂತರೆ ಹಿಂದಿನವರು ಏನ್ ಮಾಡ್ಬೇಕು ರೀ?" ಅವನು ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಡ್ಯೂಟಿಗೆ ಹೊರಟ.

ಅತ್ತೆ ಏನೂ ಕೇಳಲಿಲ್ಲ. ಕೇಳುವುದು ಅವರ ಜಾಯಮಾನವಲ್ಲ, ಚುಚ್ಚುವುದು ಮಾತ್ರ ಗೊತ್ತಿತ್ತು. ಒಂದು ಬೆಳಿಗ್ಗೆ ಸೊಸೆ ಅವರ ಬೆನ್ನಿಗೆ ನೀರು ಹೊಯ್ಯುತ್ತಿದ್ದಾಗ ಮಾವ ಚಹಾ ಲೋಟ ಹಿಡಿದು ತೆರೆದ ಬಾಗಿಲ ಮುಂದೆ ಬಂದರು. ವಾಡಿಕೆಯಂತೆ ಗೋಡೆ ಕಡೆ ಮುಖ ತಿರುಗಿಸಿ ದಾಟುತ್ತಿದ್ದರು.

"ರೀ," ಅತ್ತೆ ಕರೆದರು.

ಮಾವ ನಿಂತರು, ತಿರುಗಲಿಲ್ಲ.

"ನಿಮ್ಮ ಕೋಣೆಗೆ ಬಾಗಿಲಿದೆ ಅಲ್ವಾ?"

ಅಷ್ಟೇ ಕೇಳಿದ್ದು. ಸಂಜೆ ಸೊಸೆ ಲಾಂಡ್ರಿಯಿಂದ ಬಂದಾಗ ಮಾವ ಗೋಡೆಯ ಕೀಲಿಗಳನ್ನು ಒಂದೊಂದಾಗಿ ಇಳಿಸಿ ಬಿಸ್ಕೆಟ್ ಡಬ್ಬಗಳಿಗೆ ತುಂಬುತ್ತಿದ್ದರು. ಸಹಾಯಕ್ಕೆ ಹೋದರೆ, "ಮುಟ್ಟಬೇಡ, ಕಲಸಿ ಹೋಗತ್ತೆ," ಎಂದರು.

ಗೋಡೆ ಬಿತ್ತು. ಮೇಸ್ತ್ರಿಗೆ ಕೆಲಸಕ್ಕಿಂತ ಮಾತೇ ಹೆಚ್ಚು, ಬರುತ್ತೇನೆಂದ ದಿನ ಬರುತ್ತಿರಲಿಲ್ಲ, ಬಂದ ದಿನ ಚಹಾ ಮುಗಿಯುವವರೆಗೆ ಕೈ ಆಡುತ್ತಿರಲಿಲ್ಲ. ಅನ್ನದಲ್ಲೂ ಸಿಮೆಂಟಿನ ಧೂಳು. ಮನೆಮಂದಿ ಸ್ನಾನಕ್ಕೆ ಮೇಲ್ಮನೆಯ ಮೇಷ್ಟ್ರ ಬಚ್ಚಲಿಗೆ ಸರದಿಯಲ್ಲಿ ಹತ್ತಿ ಇಳಿದರು. ಅತ್ತೆ ಮೆಟ್ಟಿಲು ಹತ್ತುವಂತಿಲ್ಲ. ಸೊಸೆ ಅಡುಗೆಮನೆಯಲ್ಲಿ ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಿದ್ದಳು. ಮೊಮ್ಮಗಳು, ಕಾಲೇಜಿನವಳು, ಅಜ್ಜಿಯ ಒಂದು ಬಚ್ಚಲಿಗಾಗಿ ಮನೆಯೆಲ್ಲ ನಾರುವುದು ಯಾವ ನ್ಯಾಯ ಎಂದು ಕೇಳಿದಳು. ಅದಕ್ಕೆ ಅಜ್ಜಿ, "ನಿನ್ನ ಸೆಂಟಿನ ಬಾಟ್ಲಿ ಇದ್ಯಲ್ಲ, ಮನೆಗೆಲ್ಲ ಹೊಡಿ," ಎಂದರು.

ಟೈಲ್ಸು ಕೂತ ಮೇಲೆ ಬಾಗಿಲಿನ ಮಾತು ಬಂತು. ಬಾಗಿಲು ಹೊರಗೆ ತೆರೆಯುವಂತೆ ಕೂರಿಸಿದ ಮೇಸ್ತ್ರಿ, ಒಳಗೆ ಯಾರಾದರೂ ಬಿದ್ದರೆ ಅಡ್ಡ ಆಗಬಾರದಲ್ಲ ಎಂದ. ಚಿಲಕವೂ ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿ ತೆಗೆಯುವಂಥದ್ದು ಸಿಗುತ್ತದೆ, ಅದನ್ನೇ ತರಿಸಿ ಎಂದ. ಸೊಸೆ ಒಪ್ಪಿದಳು. ಅತ್ತೆ ಒಪ್ಪಲಿಲ್ಲ.

"ನಾಣ್ಯ ಎಲ್ಲರ ಜೇಬಲ್ಲೂ ಇರತ್ತೆ," ಎಂದರು. "ಒಳಗಿಂದ ನಾನು ಹಾಕಿದ್ರೆ ನಾನೇ ತೆಗೀಬೇಕು. ಇಲ್ಲದಿದ್ರೆ ಇಷ್ಟೆಲ್ಲ ಯಾಕೆ ಮಾಡಿಸಿದ್ರಿ?"

ಚಿಲಕ ನಾನು ಮಾಡುತ್ತೇನೆಂದು ಮಾವ ಅಂದರು. ಎಷ್ಟೋ ದಿನಗಳ ಮೇಲೆ ಅವರು ತಾವಾಗಿ ಆಡಿದ ಮಾತು ಅದು. ಅಡುಗೆಮನೆಯ ಮೇಜಿನ ತುದಿಯಲ್ಲಿ ಹಳೇ ಪೇಪರ್ ಹಾಸಿ, ಬೆರಳುದಪ್ಪದ ಹಿತ್ತಾಳೆ ಸರಳನ್ನು ಅರ ಹಾಕುತ್ತ ಕೂತರು. ಆಲೂಗಡ್ಡೆ ಹೆಚ್ಚುವ ಸೊಸೆಯ ಚಾಕುವಿನ ಪಕ್ಕದಲ್ಲೇ ಹಿತ್ತಾಳೆ ಪುಡಿ ಬೀಳುತ್ತಿತ್ತು. ಗೊಣಗಬೇಕೆನಿಸಿದರೂ ಸುಮ್ಮನಿದ್ದಳು. ಚಿಲಕ ಚೆಂದವೇ ಆಯಿತು. ಬಿಗಿ ಇಲ್ಲ, ಸಡಿಲ ಇಲ್ಲ. ಒಂದು ಬೆರಳಲ್ಲಿ ತಳ್ಳಿದರೆ ಸರಿದು, ಟಕ್ ಎಂದು ಕೂರುತ್ತಿತ್ತು.

"ಒಳಗೆ ಏನಾದ್ರೂ ಆದ್ರೆ, ಮಾವ?" ಸೊಸೆ ದನಿ ತಗ್ಗಿಸಿ ಕೇಳಿದಳು.

ಮಾವ ಹಜಾರದ ಕಡೆ ನೋಡಿದರು. ಅತ್ತೆ ಅಲ್ಲಿ ರೇಡಿಯೋ ಕೇಳುತ್ತಿದ್ದರು. "ಹೊರಗಿನ ಹಿಡಿಕೆ ಕೆಳಗೆ ಮೂರು ತಿರುಪು ಇರತ್ತೆ. ಕೊನೇದು ಸುಳ್ಳು ತಿರುಪು. ಅದನ್ನ ತೆಗೆದು ತಂತಿ ಹಾಕಿದ್ರೆ ಚಿಲಕ ಸರಿಯತ್ತೆ. ಅದು ನನಗೊಬ್ಬನಿಗೆ ಬರತ್ತೆ." ಪೇಪರಿನ ಮೇಲಿನ ಹಿತ್ತಾಳೆ ಪುಡಿ ಕೊಡವುತ್ತ, "ಅವಳಿಗೆ ಹೇಳಬೇಡ."

ಸೊಸೆ ಹೇಳಲಿಲ್ಲ. ಅವಳಿಗೆ ಆ ತಿರುಪಿನಿಂದ ಸಮಾಧಾನವಾಯಿತು.

ಮೊದಲ ದಿನ ಅತ್ತೆ ಕುರ್ಚಿಯನ್ನು ತಾವೇ ತಳ್ಳಿಕೊಂಡು ಒಳಗೆ ಹೋದರು. ಚಕ್ರಕ್ಕೆ ಎಲ್ಲೂ ತಡೆ ಆಗಲಿಲ್ಲ. ಚಿಲಕ ಟಕ್ ಎಂದಿತು. ಮನೆಯವರೆಲ್ಲ ಹಜಾರದಲ್ಲಿ, ಪರೀಕ್ಷೆಗೆ ಕೂತ ಮಗುವಿಗಾಗಿ ಕಾಯುವವರಂತೆ ಕೂತಿದ್ದರು. ನೀರಿನ ಸದ್ದು ಬಂತು, ನಿಂತಿತು, ಮತ್ತೆ ಬಂತು. ಅತ್ತೆ ಹೊರಬಂದಾಗ ಬೆನ್ನಿನ ಅರ್ಧ ಒದ್ದೆಯಾಗೇ ಇತ್ತು, ರವಿಕೆಯ ಗುಂಡಿ ಒಂದು ಮೇಲೆ ಕೆಳಗಾಗಿತ್ತು. ಸೊಸೆಯ ಕೈ ಗುಂಡಿಯ ಕಡೆ ಹೋಗಿ ಹಿಂದಕ್ಕೆ ಬಂತು.

ಮನೆಯ ಬೆಳಿಗ್ಗೆಗಳು ಬದಲಾದವು. ಸೊಸೆ ಮದುವೆಯಾದ ಮೇಲೆ ಮೊದಲ ಬಾರಿ ಕೂತು ಬ್ರೆಡ್ ತಿಂದಳು. ಬೆನ್ನು ಸಂಜೆವರೆಗೆ ತಾಳುತ್ತಿತ್ತು. ನೆಲ ಬೇಗ ಒಣಗುವುದರಿಂದ ಪಾಚಿ ಕಟ್ಟುವ ಮೂಲೆಯೇ ಉಳಿಯಲಿಲ್ಲ, ನೀರೆಳೆಯುವ ವೈಪರಿನಿಂದ ಒಮ್ಮೆ ಎಳೆದರೆ ಬಚ್ಚಲು ತೊಳೆದಂತೆಯೇ. ಡ್ಯೂಟಿ ಮುಗಿಸಿ ಬಂದ ಗಂಡ ಅದೇ ಆಸನದ ಮೇಲೆ ಕೂತು ಕಾಲಿಗೆ ಬಿಸಿನೀರು ಬಿಟ್ಟುಕೊಳ್ಳುವುದನ್ನು ಕಲಿತ. ಅಭ್ಯಾಸ ಮಾತ್ರ ಸುಲಭಕ್ಕೆ ಹೋಗಲಿಲ್ಲ. ಒಳಗೆ ಹೋದವರೆಲ್ಲ ಕಟ್ಟೆ ಇದ್ದ ಜಾಗದಲ್ಲಿ ಈಗಲೂ ಕಾಲೆತ್ತಿ ದಾಟುತ್ತಿದ್ದರು. "ಎಲ್ಲರೂ ಕೊಕ್ಕರೆಗಳು," ಎಂದು ಅತ್ತೆ ನಕ್ಕರು. ಮೇಜಿಗೆ ಬಂದು ಬಟಾಣಿ ಸುಲಿದು ಕೊಡತೊಡಗಿದರು. ವಾರ್ಡಿನ ಹಳೇ ಕಥೆ ಹೇಳಿದರು. ಮೊಮ್ಮಗಳ ಕೂದಲಿಗೆ ಎಣ್ಣೆ ಹಚ್ಚಿದರು.

ಸ್ನಾನ ದಿನದಿಂದ ದಿನಕ್ಕೆ ಉದ್ದವಾಗುತ್ತ ಹೋಯಿತು. "ಅಜ್ಜಿ ಒಳಗೆ ಹೋದ್ರೆ ನನ್ನ ಕಾಲೇಜು ಮುಗಿದು ಡಿಗ್ರಿನೇ ಬರತ್ತೆ," ಎಂದಳು ಮೊಮ್ಮಗಳು. ಸೊಸೆ ಬಾಗಿಲ ಹೊರಗೆ ನಿಂತು ಕಿವಿ ಕೊಡುತ್ತಿದ್ದಳು. ನಾದಿನಿಯ ಮಾತು ಅವಳ ತಲೆಯಿಂದ ಇಳಿದಿರಲಿಲ್ಲ.

"ಹೋಗೇ ಆಚೆಗೆ," ಒಳಗಿನಿಂದ ದನಿ ಬರುತ್ತಿತ್ತು. "ಅಲ್ಲಿ ನಿಂತು ಉಸಿರು ಬಿಡಬೇಡ. ಕೇಳಿಸತ್ತೆ."

ಕೊನೆಗೆ ಒಂದು ಒಪ್ಪಂದವಾಯಿತು. ಸೊಸೆ ಬಾಗಿಲು ತಟ್ಟಿದರೆ ಅತ್ತೆ ಮಗ್ಗಿನಿಂದ ಗೋಡೆಗೆ ತಟ್ಟಬೇಕು. ಅಷ್ಟಾದರೆ ಸೊಸೆ ಅಡುಗೆಮನೆಗೆ ಹೋಗಬೇಕು. ಅತ್ತೆ ತಟ್ಟುತ್ತಿದ್ದರು, ಒಂದೊಂದು ದಿನ ಟೈಲ್ಸ್ ಒಡೆಯುವಷ್ಟು ಜೋರಾಗಿ.

ಒಂದು ಭಾನುವಾರ ಎಲ್ಲರೂ ಮನೆಯಲ್ಲಿದ್ದರು. ನಾದಿನಿ ಬೇಗನೆ ಬಂದಿದ್ದಳು. ಹೊಸ ಬಚ್ಚಲನ್ನು ಅವಳು ಮೆಚ್ಚಿದಳು, ಮೆಚ್ಚಿದ್ದನ್ನು ಮೇಸ್ತ್ರಿಯ ಲೆಕ್ಕಕ್ಕೆ ಹಾಕಿದಳು. ಅತ್ತೆ ಸ್ನಾನಕ್ಕೆ ಹೋದರು. ಒಲೆಯ ಮೇಲಿನ ಅನ್ನ ಬೆಂದಿತು, ಇಳಿಸಿದ್ದಾಯಿತು. ಸೊಸೆ ಹೋಗಿ ಬಾಗಿಲು ತಟ್ಟಿದಳು.

ಮಗ್ಗಿನ ಸದ್ದು ಬರಲಿಲ್ಲ. ನೀರು ಬೀಳುತ್ತಿತ್ತು.

ಮತ್ತೆ ತಟ್ಟಿದಳು. "ಅತ್ತೆ?" ಕರೆದಳು. ಅಂಗೈಯಿಂದ ಬಡಿದಳು. ನೀರಿನ ಸದ್ದು ಒಂದೇ ಸಮನೆ ಇತ್ತು. ಮೈ ಮೇಲೆ ಬೀಳುವ ನೀರೋ, ನೆಲದ ಮೇಲೆ ಬೀಳುವ ನೀರೋ, ಅವಳಿಗೆ ತಿಳಿಯಲಿಲ್ಲ.

ನಾದಿನಿ ಓಡಿ ಬಂದಳು. ಅಮ್ಮಾ ಅಮ್ಮಾ ಎಂದು ಬಾಗಿಲಿಗೆ ಬಡಿಯುತ್ತಲೇ ಅತ್ತಿಗೆಯ ಕಡೆ ತಿರುಗಿ, ಎಷ್ಟು ಹೊತ್ತಾಯಿತು, ಎಂಬತ್ತರ ಹತ್ತಿರದವರನ್ನು ಒಬ್ಬರನ್ನೇ ಬಿಡುತ್ತಾರಾ, ಈ ಬಚ್ಚಲು ಮಾಡಿಸಿದ್ದು ಯಾರ ಸುಖಕ್ಕೆ ಎಂದು ಕೇಳಿದಳು. ಗಂಡ ಬನಿಯನ್ನಿನಲ್ಲೇ ಬಂದು ನಿಂತ. ಗದ್ದಲಕ್ಕೆ ಮೇಲ್ಮನೆಯ ಮೇಷ್ಟ್ರು ಏನಾಯಿತೆಂದು ಇಳಿದು ಬಂದರು.

ಮಾವ ಎಲ್ಲರನ್ನೂ ಸರಿಸಿಕೊಂಡು ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತರು. ಕೈಯಲ್ಲಿ ಸಣ್ಣ ಸ್ಕ್ರೂಡ್ರೈವರು, ಕೊಕ್ಕೆಯಂತೆ ಬಾಗಿಸಿದ ತಂತಿ. ಸುಳ್ಳು ತಿರುಪು ಬಿಚ್ಚಿದರು. ತೂತಿಗೆ ತಂತಿ ಹಾಕಲು ಹೋದರು. ಬೆರಳು ನಡುಗಿ ತಂತಿ ಪಕ್ಕಕ್ಕೆ ಜಾರಿತು. ಮತ್ತೆ ಹಾಕಿದರು, ಮತ್ತೆ ಜಾರಿತು.

"ಅಪ್ಪ, ನಿಮ್ಮ ಕೈ ನೋಡಿ," ನಾದಿನಿ ಅಂದಳು. "ಆಗಲ್ಲ ನಿಮ್ಮಿಂದ."

"ತಾಳು. ಸಿಕ್ತು. ಗಲಾಟೆ ಮಾಡಬೇಡಿ, ಸರೀತಾ ಇದೆ."

"ಅಷ್ಟರಲ್ಲಿ ಅಮ್ಮ ಹೋದ್ರೆ? ಅತ್ತಿಗೆ, ನಿಮಗೆ ಹೇಳಿದ್ದೆ ನಾನು."

ಸೊಸೆ ಅತ್ತೆಯನ್ನು ನೆನೆಯಲಿಲ್ಲ. ಅವಳ ಕಣ್ಣ ಮುಂದೆ ಬಂದದ್ದು, ಜನ ತುಂಬಿದ ಹಜಾರದಲ್ಲಿ ನಾದಿನಿ ತನ್ನತ್ತ ಕೈ ತೋರಿಸುವುದು. ಮೇಸ್ತ್ರಿ ಬಿಟ್ಟುಹೋದ ಹಾರೆ ಅಡುಗೆಮನೆಯ ಮೂಲೆಯಲ್ಲಿತ್ತು. ಅದನ್ನು ತಂದು ಗಂಡನ ಕೈಗೆ ಕೊಟ್ಟಳು.

"ಮೀಟಿ."

"ಅಪ್ಪ ತೆಗೀತಾ ಇದಾರಲ್ಲ..."

"ಮೀಟಿ ಅಂದೆ."

ಗಂಡ ಅಪ್ಪನ ಭುಜ ಹಿಡಿದು ಪಕ್ಕಕ್ಕೆ ಸರಿಸಿ ಹಾರೆಯನ್ನು ಬಾಗಿಲ ಸಂದಿಗೆ ಇಟ್ಟ. ಮೇಷ್ಟ್ರೂ ಕೈ ಹಾಕಿದರು. ಮರ ಸೀಳಿತು, ತಿರುಪುಗಳು ಕಿತ್ತು ಬಂದವು, ಚಿಲಕ ಅರ್ಧ ಮರದ ಸಮೇತ ಎದ್ದು ನೆಲಕ್ಕೆ ಬಿತ್ತು. ಬಾಗಿಲು ಒಂದೇ ಕೀಲಿನ ಮೇಲೆ ಜೋತಾಡುತ್ತ ಹಜಾರಕ್ಕೆ ವಾಲಿತು.

ಅತ್ತೆ ಗೋಡೆಯ ಆಸನದ ಮೇಲೆ ಕೂತಿದ್ದರು. ತಲೆಯ ತುಂಬ ನೊರೆ. ನೀರು ಹೆಗಲ ಮೇಲೆ ಬಿದ್ದು, ಹೊಟ್ಟೆಯ ಮಡಿಕೆಗಳ ಮೇಲೆ, ಆಪರೇಶನ್ನಿನ ಗೆರೆಯ ಮೇಲೆ ಹರಿದು ನೆಲಕ್ಕಿಳಿದು ಜಾಲರಿಗೆ ಹೋಗುತ್ತಿತ್ತು. ಒಂದು ಹನಿಯೂ ಹಜಾರಕ್ಕೆ ಬಂದಿರಲಿಲ್ಲ. ಮಗ್ಗು ಪಕ್ಕದಲ್ಲೇ ಇತ್ತು. ಅವರು ಮುಚ್ಚಿಕೊಳ್ಳಲು ಕೈ ಎತ್ತಲಿಲ್ಲ. ಮಗನನ್ನು ನೋಡಿದರು, ಮಗಳನ್ನು ನೋಡಿದರು, ಮೇಷ್ಟ್ರನ್ನು ನೋಡಿದರು. ಮೇಷ್ಟ್ರು ತಿರುಗಿ ಮೆಟ್ಟಿಲು ಹತ್ತಿದರು.

ಸೊಸೆ ಟವೆಲ್ ಎಳೆದು ಓಡಿದಳು. ಕಟ್ಟೆ ಇದ್ದ ಜಾಗದಲ್ಲಿ ಅವಳ ಕಾಲು ತಾನಾಗಿ ಮೇಲೆದ್ದಿತು.

"ಕರೆದದ್ದು ಕೇಳಿಸ್ಲಿಲ್ವಾ ಅತ್ತೆ?"

"ಎಲ್ಲಾ ಕೇಳಿಸ್ತು."

"ಮತ್ಯಾಕೆ ತಟ್ಟಲಿಲ್ಲ?"

"ಬಾಗಿಲು ಹಾಕಿದ್ದೆನಲ್ಲ," ಅತ್ತೆ ಅಂದರು. "ಒಂದಿನ ಉತ್ತರ ಕೊಡದೆ ಇರೋಣ ಅನ್ನಿಸ್ತು."

ಆಗ ಅವರ ಕಣ್ಣು ನೆಲದಲ್ಲಿ ಕೂತಿದ್ದ ಮಾವನ ಮೇಲೆ ಬಿತ್ತು. ಮಾವ ಕೈ ಹಿಂದಕ್ಕೆ ತಂದುಕೊಂಡರು, ತಡವಾಗಿತ್ತು.

"ಏನ್ರೀ ಅದು ಕೈಯಲ್ಲಿ?"

ಮಾವ ಕೈ ಮುಂದೆ ತಂದರು. ಅತ್ತೆ ತಂತಿ ನೋಡಿದರು, ಬಿಚ್ಚಿಟ್ಟ ಒಂಟಿ ತಿರುಪು ನೋಡಿದರು, ಜೋತಾಡುವ ಬಾಗಿಲಲ್ಲಿ ಹಿಡಿಕೆಯ ಕೆಳಗಿನ ತೂತು ನೋಡಿದರು. ಬೀಗದವನ ಹೆಂಡತಿಗೆ ವಿವರಿಸಿ ಹೇಳಬೇಕಾಗಿರಲಿಲ್ಲ. ಸೊಸೆಯ ಮುಖವನ್ನೂ ಒಮ್ಮೆ ನೋಡಿದರು, ಅಲ್ಲಿಯೂ ಓದಿಕೊಂಡರು.

"ಓ," ಎಂದರು. ನಲ್ಲಿ ನಿಲ್ಲಿಸಿದರು. ತಲೆಯ ನೊರೆ ಹಾಗೇ ಇತ್ತು.

ಅನ್ನ ಆರಿತು. ನಾದಿನಿ ಊಟ ಮಾಡದೆ ಹೋದಳು. ಹೋಗುವಾಗ, ಒಡೆದದ್ದೇ ಒಳ್ಳೆಯದಾಯಿತು, ನಿಜವಾಗಿಯೂ ಏನಾದರೂ ಆಗಿದ್ದರೆ ಎಂದಳು.

ಮರುದಿನ ಸೊಸೆ ಬಾಗಿಲ ಜಾಗಕ್ಕೆ ಲಾಂಡ್ರಿಯ ದಪ್ಪ ಬೆಡ್‌ಶೀಟೊಂದನ್ನು ಪರದೆ ಕಟ್ಟಲು ಹೋದಾಗ ಅತ್ತೆ ಬೇಡವೆಂದರು.

"ಸ್ನಾನ ನೀನೇ ಮಾಡಿಸು," ಎಂದರು. "ತೆಗೆದೇ ಇರ್ಲಿ."

ಸೊಸೆ ಮಾಡಿಸಿದಳು. ಎತ್ತುವ ಕಷ್ಟ ಇರಲಿಲ್ಲ. ಕುರ್ಚಿ ಸಲೀಸಾಗಿ ಹೋಯಿತು, ಬೆನ್ನು ನೋಯಲಿಲ್ಲ, ಎಲ್ಲೂ ಜಾರಲಿಲ್ಲ. ಸೋಪು ಜೋರಾಗಿ ಉಜ್ಜಿದರೂ ಅತ್ತೆ ಏನೂ ಅನ್ನಲಿಲ್ಲ. ಸೊಸೆ ಬೇಕೆಂದೇ ಇನ್ನೊಮ್ಮೆ ಜೋರಾಗಿ ಉಜ್ಜಿ ನೋಡಿದಳು.

ಮೇಸ್ತ್ರಿ ಹೊಸ ಬಾಗಿಲು ತಂದು ಕೂರಿಸಿ ಹೋದ. ಮಾವ ಮೇಜಿನ ತುದಿಯಲ್ಲಿ ಇನ್ನೊಂದು ಚಿಲಕ ಮಾಡಿದರು, ಈ ಸಲ ತೂತಿಲ್ಲದೆ. ಬಟ್ಟೆಯಲ್ಲಿ ಒರೆಸಿ ಅತ್ತೆಯ ಮುಂದಿಟ್ಟು, ಸುಳ್ಳು ತಿರುಪು ಇಲ್ಲ, ತಿರುಗಿಸಿ ನೋಡು ಎಂದರು. ಅತ್ತೆ ಬಟಾಣಿ ಸುಲಿಯುವುದನ್ನು ಬಿಟ್ಟಿದ್ದರು. ಕೈ ಮಡಿಲಲ್ಲೇ ಇತ್ತು.

"ಮಾಡೋದು ನಿಮಗೆ ಬರತ್ತೆ," ಎಂದರು. "ತೆಗೆಯೋದೂ ಬರತ್ತೆ."

ಹೊಸ ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ. ಬೆಳಿಗ್ಗೆ ಅಡುಗೆಮನೆಗೆ ಹೋಗುವವರು ತಲೆ ತಗ್ಗಿಸಿ ದಾಟುತ್ತಾರೆ. ಹಾಳಾದದ್ದು ಹೆಚ್ಚೇನಿಲ್ಲ. ಒಂದು ಬಾಗಿಲು, ಒಂದು ಹಿತ್ತಾಳೆ ಚಿಲಕ, ಒಂದು ಕೆಲಸದ ಕೋಣೆ. ಟೈಲ್ಸು ಒಂದೂ ಒಡೆದಿರಲಿಲ್ಲ.